ಎಳೆಯ ಸಂಯೋಜಕರ ಕೋರಲ್ ಸ್ಪರ್ಧೆಗೆ ಕನ್ನಡ ಕವನ ಕಳಿಸಬಹುದಾ? ಪಠ್ಯ, ರಾಗ, ಶುಲ್ಕ ಎಲ್ಲದಕ್ಕೂ ಸಲಹೆ ಬೇಕು

ಕಡಲತಡಿ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಊರು ಮಂಗಳೂರು, ಕೆಲಸ ಬೆಂಗಳೂರಿನಲ್ಲಿ. ಚಿಕ್ಕಂದಿನಿಂದ ಚರ್ಚ್ ಕೊಯರ್‌ನಲ್ಲಿ ಆಲ್ಟೋ (ಹೆಂಗಸರ ಕೆಳಗಿನ ದನಿ) ಹಾಡುತ್ತಾ ಬಂದಿದ್ದೇನೆ. ಜೊತೆಗೆ ವರ್ಣದವರೆಗೆ ಕರ್ನಾಟಕ ಸಂಗೀತವೂ ಆಗಿದೆ.

ಯುರೋಪಿನ ಒಂದು ಕೊಯರ್ (ಸಮೂಹಗಾನ ತಂಡ) 30 ವರ್ಷದೊಳಗಿನ ಸಂಯೋಜಕರಿಗೆ ಸ್ಪರ್ಧೆ ಕರೆದಿದೆ. ವಾದ್ಯ ಇರಬಾರದು. ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೋ, ಟೆನರ್, ಬಾಸ್ ಹೀಗೆ ನಾಲ್ಕು ದನಿ, 4ರಿಂದ 6 ನಿಮಿಷ. ಭಾಷೆ ಯಾವುದಾದರೂ ಸರಿ. ಸ್ವರಲಿಪಿಯ ಮೇಲೆ ನಮ್ಮ ಹೆಸರು ಇರಬಾರದು, ಕೃತಿ ಮೊದಲೇ ಎಲ್ಲೂ ಪ್ರದರ್ಶನ ಆಗಿರಬಾರದು. ಪ್ರವೇಶ ಶುಲ್ಕ 30 ಯೂರೋ. ಗೆದ್ದ ಕೃತಿಯನ್ನು ಅವರೇ ಕಛೇರಿಯಲ್ಲಿ ಹಾಡಿ ರೆಕಾರ್ಡ್ ಮಾಡಿಕೊಡುತ್ತಾರೆ. ನನಗೆ ಆಸೆ ಇರುವುದು ಆ ರೆಕಾರ್ಡಿಂಗ್ ಮೇಲೆ.

ಕನ್ನಡದಲ್ಲಿ ಬರೆದರೆ ತೀರ್ಪುಗಾರರು ಪಕ್ಕಕ್ಕೆ ಇಡುತ್ತಾರಾ? ಲ್ಯಾಟಿನ್ ಪಠ್ಯ ತಗೋ, ಎಲ್ಲರಿಗೂ ಉಚ್ಚಾರಣೆ ಗೊತ್ತಿರುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಾನು ಬೇಂದ್ರೆಯವರ ಒಂದು ಕವನ ಹಿಡಿದು ಎರಡು ಪುಟ ಬರೆದಿದ್ದೇನೆ. ರಾಗ ಹಿಂದೋಳ. ಹಾರ್ಮೊನಿ (ಒಟ್ಟಿಗೆ ಹಾಡುವ ಬೇರೆ ಬೇರೆ ಸ್ವರ) ಹಾಕಿದ ಕೂಡಲೇ ರಾಗ ಕೈ ತಪ್ಪಿ ಹೋಗುತ್ತಿದೆ. ಇನ್ನು ಶುಲ್ಕ. ಹೆಚ್ಚುಕಡಿಮೆ ಮೂರು ಸಾವಿರ ರೂಪಾಯಿ, ಕೊಡಬಹುದಾ?

ಬಾಸ್‌ಲೈನ್

ಕನ್ನಡದಲ್ಲೇ ಬರೆಯಿರಿ. ಲ್ಯಾಟಿನ್‌ನಲ್ಲಿ ಬರೆಯುವವರು ಅಲ್ಲಿ ನೂರಾರು ಜನ ಇರುತ್ತಾರೆ.

ಲೀಡ್ಸ್ ಕನ್ನಡಿಗ

ನಾನು ಇಲ್ಲಿ ಹವ್ಯಾಸಿ ಕೊಯರ್ ಒಂದರಲ್ಲಿ ಟೆನರ್ ಹಾಡುತ್ತೇನೆ. ಫಿನ್ನಿಶ್, ಎಸ್ಟೋನಿಯನ್, ಜುಲು ಎಲ್ಲ ಹಾಡಿದ್ದೇವೆ, ಭಾಷೆಗೆ ಯಾರೂ ಹೆದರುವುದಿಲ್ಲ. ಉಚ್ಚಾರಣೆ ಹೇಳಿಕೊಡದೆ ಕೈ ಬಿಟ್ಟ ಸ್ವರಲಿಪಿ ಬಂದರೆ ಮಾತ್ರ ಕಷ್ಟ. ಹಾಗಾಗಿ ಮೂರು ಕೆಲಸ ಮಾಡಿ. ಸ್ವರದ ಕೆಳಗೆ ರೋಮನ್ ಲಿಪಿಯಲ್ಲಿ ಅಕ್ಷರ ಬಿಡಿಸಿ ಬರೆಯಿರಿ. ಮೊದಲ ಪುಟದಲ್ಲಿ ಉಚ್ಚಾರಣೆಯ ಪಟ್ಟಿ ಕೊಡಿ. ಕವನವನ್ನು ನಿಧಾನವಾಗಿ ಓದಿ ಆಡಿಯೋ ಮಾಡಿ ಇಟ್ಟುಕೊಳ್ಳಿ, ಕೇಳಿದರೆ ಕಳಿಸಬಹುದು.

ಒತ್ತಕ್ಷರದ ಕಡೆ ಗಮನ ಇರಲಿ. 'ಕತ್ತಲೆ' ಎಂದು ಹಾಡುವಾಗ ನಾವು 'ಕತ್' ಎಂದು ಮುಚ್ಚಿ ಆಮೇಲೆ 'ತ' ಬಿಡುತ್ತೇವೆ. ಇವರು ಕ-ತ-ಲೆ ಎಂದು ಹಾಡಿಬಿಡುತ್ತಾರೆ. ದ್ವಿತ್ವ ಎಲ್ಲಿದೆ, ಅದನ್ನು ಯಾವ ಸ್ವರದ ಕೊನೆಯಲ್ಲಿ ಮುಚ್ಚಬೇಕು ಅಂತ ಗುರುತು ಹಾಕಿಕೊಟ್ಟರೆ ಒಂದೇ ಸಲಕ್ಕೆ ಕಲಿಯುತ್ತಾರೆ.

ಕಾಯ್ದೆ ಪುಸ್ತಕ

ಬೇಂದ್ರೆ ಕವನ ಇಲ್ಲಿಗೇ ನಿಲ್ಲಿಸಿ! ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ 2041ರ ಕೊನೆಯವರೆಗೂ ಹಕ್ಕು ಇದೆ. ಹಕ್ಕುದಾರರಿಂದ ಬರಹದಲ್ಲಿ ಅನುಮತಿ ತಂದರೆ ಮಾತ್ರ ಸರಿ. ಕುವೆಂಪು 1994, ಅಂದರೆ 2054ರವರೆಗೆ. ಡಿವಿಜಿ 1975, ಅಂದರೆ 2035ರವರೆಗೆ.

ತೊಡಕಿಲ್ಲದವರು ಬೇಕೆಂದರೆ ವಚನಕಾರರು, ದಾಸರು, ಶಿಶುನಾಳ ಶರೀಫರು ಇದ್ದಾರೆ. ಹೊಸಗನ್ನಡದಲ್ಲಿ ಪಂಜೆ ಮಂಗೇಶರಾಯರು (1937), ಬಿ.ಎಂ.ಶ್ರೀ (1946). ಮಂಜೇಶ್ವರ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, 2024ರ ಜನವರಿಯಿಂದ ನಮ್ಮಲ್ಲಿ ಮುಕ್ತ. ಆದರೆ ಅಮೆರಿಕದಲ್ಲಿ ಲೆಕ್ಕ ಬೇರೆ, ಅಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುತ್ತಾರೆ. ವಿದೇಶದ ಪ್ರಕಾಶಕರು ಅದನ್ನೂ ಕೇಳುತ್ತಾರೆ.

ವಚನ ತಗೊಂಡರೆ ಮೂಲ ಪಾಠವನ್ನೇ ತಗೊಳ್ಳಿ. ಈಗಿನವರು ಮಾಡಿದ ಅನುವಾದಕ್ಕೆ, ಸರಳ ರೂಪಕ್ಕೆ ಬೇರೆಯೇ ಹಕ್ಕು ಇರುತ್ತದೆ.

ಕಡಲತಡಿ

ಅಯ್ಯೋ, ಎರಡು ಪುಟ ಆಗಿಬಿಟ್ಟಿದೆ ಸಾರ್. ಸ್ಪರ್ಧೆಗೆ ಕಳಿಸಿ, ಗೆದ್ದರೆ ಆಮೇಲೆ ಅನುಮತಿ ಕೇಳಿದರೆ ಆಗುವುದಿಲ್ಲವೇ?

ಕಾಯ್ದೆ ಪುಸ್ತಕ

ಆಗುವುದಿಲ್ಲ. ಅರ್ಜಿಯಲ್ಲಿ 'ಪಠ್ಯದ ಹಕ್ಕು ನನ್ನಲ್ಲಿದೆ ಅಥವಾ ಪಠ್ಯ ಮುಕ್ತವಾಗಿದೆ' ಎಂದು ಸಹಿ ಹಾಕಿಸಿಕೊಳ್ಳುತ್ತಾರೆ.

ಲೀಡ್ಸ್ ಕನ್ನಡಿಗ

ಇದಕ್ಕೆ ಕೊಯರ್ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ಅಮೆರಿಕದ ಎರಿಕ್ ವಿಟೇಕರ್ ಅವರು ರಾಬರ್ಟ್ ಫ್ರಾಸ್ಟ್‌ರ 1923ರ ಕವನಕ್ಕೆ ಇಡೀ ಕೃತಿ ಬರೆದು ಮುಗಿಸಿದ್ದರು. ಹಿಮ ಬೀಳುವ ಸಂಜೆ ಕಾಡಿನ ಬಳಿ ನಿಲ್ಲುವ ಕವನ ಅದು, ನಮ್ಮಲ್ಲೂ ಪಾಠಕ್ಕೆ ಇರುತ್ತಿತ್ತು. ಫ್ರಾಸ್ಟ್ ಹಕ್ಕುದಾರರು ಒಪ್ಪಲಿಲ್ಲ. ಕೊನೆಗೆ ಚಾರ್ಲ್ಸ್ ಆಂಟನಿ ಸಿಲ್ವೆಸ್ಟ್ರಿ ಎಂಬ ಕವಿ ಸ್ನೇಹಿತ ಅದೇ ಛಂದಸ್ಸಿನಲ್ಲಿ, ಅದೇ ಸ್ವರಗಳಿಗೆ ಕೂರುವ ಹಾಗೆ ಹೊಸ ಕವನ ಬರೆದುಕೊಟ್ಟರು. ಇವತ್ತು 'ಸ್ಲೀಪ್' ಎಂದು ಲೋಕವೆಲ್ಲ ಹಾಡುವುದು ಆ ಎರಡನೇ ಕವನವನ್ನು. ವಿಟೇಕರ್‌ಗೆ ಸಿಲ್ವೆಸ್ಟ್ರಿ ಸಿಕ್ಕರು. ನಮಗೆಲ್ಲ ಸಿಗುತ್ತಾರೆ ಅಂತ ಹೇಳೋಕೆ ಆಗಲ್ಲ.

ಧಾರವಾಡ ಶ್ರೋತೃ

ನನ್ನ ಪ್ರಶ್ನೆ ಬೇರೆ ಇದೆ ರೀ. ನಾಲ್ಕು ಜನ ನಾಲ್ಕು ಸ್ವರ ಒಟ್ಟಿಗೆ ಹಾಡಿದರೆ ರಾಗ ಎಲ್ಲಿ ಉಳಿಯಿತು? ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ರಾಗ ಇರುತ್ತದೆ. ಆ ದಾರಿಯನ್ನೇ ಕಿತ್ತು ಬರೀ ಸ್ವರ ಇಟ್ಟರೆ ಅದಕ್ಕೆ ಹಿಂದೋಳ ಅಂತ ಹೆಸರು ಯಾಕೆ? ಹಿಂದೂಸ್ತಾನಿಯಲ್ಲಿ ನಾವು ಅದೇ ಸ್ವರಗಳ ಮಾಲಕಂಸ ಕೇಳಿ ಬೆಳೆದವರು. ಹುಡುಗಿಯ ಉತ್ಸಾಹ ತಗ್ಗಿಸಲಿಕ್ಕೆ ಹೇಳುತ್ತಿಲ್ಲ. ಆದರೆ ಇದನ್ನು ಮೊದಲು ಯೋಚಿಸಬೇಕು.

ಮಂದಾರ

ಧಾರವಾಡದವರ ಮಾತಿನಲ್ಲಿ ಸತ್ಯ ಇದೆ, ಆದರೆ ಅರ್ಧ. ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ತೋಡಿಯ ಗಾಂಧಾರವನ್ನು ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಹಾಡುವ ಸ್ವರಗಳ ಗುಚ್ಛದಲ್ಲಿ, ಕಟ್ಟಿ ಕೂರಿಸಲು ಆಗುವುದೇ ಇಲ್ಲ, ಒಪ್ಪಿದೆ. ಅಲುಗಾಡುವುದೇ ಅದರ ಜೀವ. ಆದರೆ ಎಲ್ಲ ರಾಗವೂ ತೋಡಿ ಅಲ್ಲ.

ಕಡಲತಡಿ, ನಿಮಗೆ ಹಿಂದೋಳ ಕೈ ತಪ್ಪುವುದಕ್ಕೆ ಕಾರಣ ಸರಳ. ಅದರಲ್ಲಿ ಪಂಚಮ ಇಲ್ಲ. ಸ-ಗ-ಮ-ದ-ನಿ ಅಷ್ಟೇ. ಹಾಗಾಗಿ ಷಡ್ಜದ ಮೇಲೆ ಸರಿಯಾದ ಕಾರ್ಡ್ ಕಟ್ಟಲು ಬರುವುದಿಲ್ಲ. ಸಿಗುವುದು ಮ-ದ-ಸ, ಇಲ್ಲವೇ ದ-ಸ-ಗ. ಅದನ್ನು ನಾಲ್ಕು ದನಿಯಲ್ಲಿ ಹಾಡಿಸಿದ ಕೂಡಲೇ ಕಿವಿ ಮಧ್ಯಮವನ್ನೋ ಧೈವತವನ್ನೋ ಆಧಾರ ಎಂದುಕೊಳ್ಳುತ್ತದೆ. ಷಡ್ಜ ಜಾರಿತು ಅಂದರೆ ರಾಗವೂ ಜಾರಿತು.

ಮೋಹನ ತಗೊಂಡರೆ ಸ-ಗ-ಪ ಸಿಗುತ್ತದೆ, ದ-ಸ-ಗ ಸಿಗುತ್ತದೆ. ಆದರೆ ಅದು ತೀರಾ ಸಿಹಿ ಆಗುವ ಅಪಾಯ ಇದೆ. ನಾನಾದರೆ ಮಧ್ಯಮಾವತಿ ಹೇಳುತ್ತೇನೆ. ಸ-ರಿ-ಮ-ಪ-ನಿ. ಸ-ಪ, ಮ-ಸ, ಪ-ರಿ, ನಿ-ಮ ಹೀಗೆ ಖಾಲಿ ಪಂಚಮಗಳು (ಸ-ಪ ದೂರದ ಸ್ವರಜೋಡಿಗಳು) ಧಾರಾಳ. ಬಾಸ್ ದನಿಗಳು ಸ-ಪ ಹಿಡಿದು ನಿಲ್ಲಲಿ, ಒಬ್ಬರು ಉಸಿರು ತಗೊಳ್ಳುವಾಗ ಇನ್ನೊಬ್ಬರು ಹಾಡುತ್ತಿರಲಿ. ಅದರ ಮೇಲೆ ಸೊಪ್ರಾನೊ ರಾಗದ ಎಳೆ ಹಾಡಲಿ, ಆಲ್ಟೋ ಅದನ್ನೇ ಎರಡು ಮಾತ್ರೆ ತಡವಾಗಿ ಹಾಡಲಿ. ಹೀಗೆ ಮಾಡಿದರೆ ಗಮಕಕ್ಕೂ ಜಾಗ ಉಳಿಯುತ್ತದೆ.

ಇನ್ನೊಂದು ವಿಷಯ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಬ್ಯಾಂಡ್ ಸಂಗೀತ ಕೇಳಿ ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. ನೊಟ್ಟುಸ್ವರ ಅಂತ ಇವತ್ತಿಗೂ ಮಕ್ಕಳಿಗೆ ಹೇಳಿಕೊಡುತ್ತೇವೆ. 'ಸಂತತಂ ಪಾಹಿಮಾಂ' ಹಾಡಿ ನೋಡಿ, ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟು. ದೀಕ್ಷಿತರಿಗೆ ಮಡಿ ಕೆಡಲಿಲ್ಲ.

ಧಾರವಾಡ ಶ್ರೋತೃ

ನೊಟ್ಟುಸ್ವರ ಅವರ ಕಡೆಯ ಮಟ್ಟಿಗೆ ನಮ್ಮ ಮಾತು, ಒಂದೇ ದನಿ. ಇದು ನಮ್ಮ ರಾಗಕ್ಕೆ ಅವರ ಕಟ್ಟಡ. ಎರಡೂ ಒಂದೇ ಅಲ್ಲ ಮೇಡಂ. ಆದರೆ ಬಾಸ್‌ನವರು ಸ-ಪ ಹಿಡಿಯುವ ಮಾತು ಹಿಡಿಸಿತು. ಅದು ತಂಬೂರಿ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ.

ಬಾಸ್‌ಲೈನ್

ನಮಗೆ ತಕರಾರಿದೆ ಸಾರ್. ಆರು ನಿಮಿಷ ಸ-ಪ ಹಿಡಿದು ನಿಂತರೆ ಬಾಸ್ ಹಾಡುವವರು ಕೊಯರ್ ಬಿಡುತ್ತಾರೆ. ನಮಗೂ ಹಾಡಲು ಏನಾದರೂ ಕೊಡಿ.

ಎಲ್‌ಎ ಸಂಜೆ

ರೀನಾ ಇಸ್ಮಾಯಿಲ್ ಅವರ ಕೆಲಸ ಕೇಳಿದ್ದೀರಾ? ಭಾರತೀಯ ಮೂಲದ ಅಮೆರಿಕನ್ ಸಂಯೋಜಕಿ, ಹಿಂದೂಸ್ತಾನಿಯನ್ನೂ ಕಲಿತವರು. ತಬಲಾ ಬೋಲ್‌ಗಳ ಮೇಲೆಯೇ ಒಂದು ಪುಟ್ಟ ಕೊಯರ್ ಕೃತಿ ಬರೆದಿದ್ದಾರೆ, 'ತಾರೇಕಿಟ' ಅಂತ. ಇಲ್ಲಿನ ಶಾಲಾ ಕೊಯರ್‌ಗಳು ಅದನ್ನು ಎಷ್ಟು ಖುಷಿಯಿಂದ ಹಾಡುತ್ತವೆ ಗೊತ್ತಾ? ಬೋಲ್‌ಗೆ ಅನುವಾದ ಬೇಕಿಲ್ಲ, ಎಲ್ಲ ದನಿಗೂ ಕೆಲಸ ಇರುತ್ತದೆ. ಬಾಯಲ್ಲೇ ಮೃದಂಗದ ಸೊಲ್ಲು ಹೇಳುವ ನಮ್ಮ ಕೊನ್ನಕೋಲು ಇದೆಯಲ್ಲ, ಬಾಸ್‌ಗೆ ಅದನ್ನು ಕೊಡಿ.

ಮುಂಬೈಯಲ್ಲಿ ವಿಕ್ಟರ್ ಪರಂಜ್ಯೋತಿ 1956ರಲ್ಲೇ ಕೊಯರ್ ಕಟ್ಟಿ ಇಂಥ ಪ್ರಯೋಗ ಮಾಡಿದ್ದರು. ಅವರ 'ದ್ರವಿಡಿಯನ್ ಡಿಥಿರಾಂಬ್' ಬೇರೆ ದೇಶದ ಕೊಯರ್‌ಗಳೂ ಹಾಡುವ ಕೃತಿ. ಚೆನ್ನೈಯಲ್ಲಿ ಎಂ.ಬಿ. ಶ್ರೀನಿವಾಸನ್ ಮದ್ರಾಸ್ ಯೂತ್ ಕೊಯರ್ ಕಟ್ಟಿದರು. ಯಾರೂ ಹೊಸದಾಗಿ ಶುರು ಮಾಡುತ್ತಿಲ್ಲ, ದಾರಿ ಆಗಲೇ ಇದೆ.

ಹಳೇ ಮೈಸೂರು

ಮೈಸೂರಿನ ಹೆಸರು ಬಾರದೆ ಇದ್ದರೆ ಹೇಗೆ? ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರು. ರಷ್ಯಾದ ಸಂಯೋಜಕ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಯಾರೂ ಕೇಳದೆ ಉಳಿದಿದ್ದಾಗ ಅವರ ಕೃತಿಗಳ ರೆಕಾರ್ಡಿಂಗ್‌ಗೆ ಹಣ ಕೊಟ್ಟವರು ನಮ್ಮ ಮಹಾರಾಜರು. ರಿಚರ್ಡ್ ಸ್ಟ್ರೌಸ್ ಕೈಯಲ್ಲಿ ಕೊನೆಯ ನಾಲ್ಕು ಹಾಡು ಬರೆಸಿದ್ದೂ ಅವರೇ. ಜೊತೆಗೆ ತಾವೇ 94 ಕೃತಿ ರಚಿಸಿದರು. ಎರಡೂ ಸಂಗೀತ ಒಬ್ಬರ ತಲೆಯಲ್ಲೇ ಇತ್ತು.

ಲೀಡ್ಸ್ ಕನ್ನಡಿಗ

ಬರೆಸಿದ್ದು ಅಲ್ಲ ಸಾರ್. ಸ್ಟ್ರೌಸ್ ಅವನ್ನು 1948ರಲ್ಲಿ ಬರೆದು 1949ರಲ್ಲಿ ತೀರಿಕೊಂಡರು. ಮಹಾರಾಜರು ಹಣ ಒದಗಿಸಿದ್ದು ಮೊದಲ ಪ್ರದರ್ಶನಕ್ಕೆ. 1950ರ ಮೇ 22, ರಾಯಲ್ ಆಲ್ಬರ್ಟ್ ಹಾಲ್. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್.

ಹಳೇ ಮೈಸೂರು

ತಾರೀಖು ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಹಣ ನಮ್ಮೂರಿನದು ಅನ್ನುವುದು ಉಳಿಯಿತಲ್ಲ.

ತಡವಾಗಿ ಬಂದವ

ನನಗೆ ಈ ವಯಸ್ಸಿನ ಗಡಿ ಬಗ್ಗೆ ಕೋಪ ಇದೆ. ನಾನು ಸ್ಟಾಫ್ ನೋಟೇಶನ್ (ಪಾಶ್ಚಾತ್ಯ ಸ್ವರಲಿಪಿ) ಕಲಿತದ್ದೇ 33ಕ್ಕೆ. ನಮ್ಮೂರು ದಾವಣಗೆರೆ ಕಡೆ. ಅಲ್ಲಿ ಅದನ್ನು ಹೇಳಿಕೊಡುವವರೇ ಇರಲಿಲ್ಲ. ಕೆಲಸಕ್ಕೆ ಸೇರಿ, ಮನೆ ಸಾಲ ಮುಗಿಸಿ, ಆಮೇಲೆ ಆನ್‌ಲೈನ್‌ನಲ್ಲಿ ಕಲಿತೆ. ಈಗ ನನಗೆ 37. 'ಉದಯೋನ್ಮುಖ' ಅಂದರೆ ಹೊಸದಾಗಿ ಬರುತ್ತಿರುವವರು ಅಲ್ವಾ? ವಯಸ್ಸನ್ನು ಯಾಕೆ ಕೇಳಬೇಕು? ಲಂಡನ್ನಿನಲ್ಲಿ ಎಂಟು ವರ್ಷಕ್ಕೆ ಕೊಯರ್ ಶಾಲೆ ಸೇರಿದವನು 29ಕ್ಕೆ ಎಳೆಯ, ನಾಲ್ಕು ವರ್ಷದ ಹಿಂದೆ ಕಲಿತ ನಾನು ಹಳಬ. ಇದು ನ್ಯಾಯವಾ?

ಎಲ್‌ಎ ಸಂಜೆ

ನಿಮ್ಮ ಮಾತು ಸರಿ ಅಣ್ಣಾ. ವಯಸ್ಸಿನ ಬದಲು 'ಇದುವರೆಗೆ ಪ್ರಕಟಿತ ಕೋರಲ್ ಕೃತಿ ಇಲ್ಲದವರು' ಅಂತ ಷರತ್ತು ಇಡುವ ಸ್ಪರ್ಧೆಗಳೂ ಇವೆ. ಅಂಥದ್ದನ್ನೇ ಹುಡುಕಿ.

ಮಂದಾರ

ವಯಸ್ಸು ಕೇಳಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಚಿಕ್ಕವರಿಗೆ ಬೇರೆ ಸ್ಪರ್ಧೆ ಬೇಕೇ ಬೇಕು. ಬಿಬಿಸಿಯವರ ಯುವ ಸಂಯೋಜಕರ ಸ್ಪರ್ಧೆ 12ರಿಂದ 18 ವರ್ಷದವರಿಗೆ. 15 ವರ್ಷದ ಮಗುವನ್ನು 37ರವರ ಜೊತೆ ಕೂರಿಸಿದರೆ ಮಗು ಮತ್ತೆ ಬರೆಯುವುದಿಲ್ಲ. ಎರಡೂ ಇರಲಿ.

ತಡವಾಗಿ ಬಂದವ

12ರಿಂದ 18 ಇದ್ದರೆ ನನಗೆ ತಕರಾರಿಲ್ಲ ಮೇಡಂ, ಅವರು ಮಕ್ಕಳು. 30, 35 ಅನ್ನುವ ಗಡಿ ಯಾಕೆ ಅಂತ ನನ್ನ ಪ್ರಶ್ನೆ.

ಹೆಸರಿಲ್ಲದ ಶ್ರುತಿ

ಶುಲ್ಕದ ಬಗ್ಗೆ ಯಾರೂ ಹೇಳಲಿಲ್ಲ. ಕೊಡಬೇಡಿ! ನಾನು ಕೆಲವು ವರ್ಷದ ಹಿಂದೆ ಒಂದು ಸ್ಪರ್ಧೆಗೆ ದುಡ್ಡು ಕಟ್ಟಿ ಕೃತಿ ಕಳಿಸಿದೆ. ಫಲಿತಾಂಶವನ್ನು ಅವರ ಪುಟದಲ್ಲಿ ನೋಡಿ ತಿಳಿದುಕೊಂಡೆ, ನನಗೆ ಒಂದು ಸಾಲು ಬರಲಿಲ್ಲ. ಮೊದಲ ಬಹುಮಾನ 'ಯಾರಿಗೂ ಇಲ್ಲ' ಎಂದು ಹಾಕಿದ್ದರು. ನಿಯಮ ಪೂರ್ತಿ ಓದಿದರೆ, ಅಂತಿಮ ಸುತ್ತಿಗೆ ಬಂದ ಎಲ್ಲ ಕೃತಿಗಳ ಪ್ರಕಟಣೆಯ ಹಕ್ಕು ಸಂಘಟಕರದು. ಗೆಲ್ಲದಿದ್ದರೂ ಕೃತಿ ಅವರದು. ಇದು ಎಲ್ಲಿಯ ನ್ಯಾಯ?

ಕಾಯ್ದೆ ಪುಸ್ತಕ

ಕಡಲತಡಿ, ನಿಯಮದಲ್ಲಿ ಎರಡು ವಾಕ್ಯ ಹುಡುಕಿ. ಒಂದು, ಹಕ್ಕು ಯಾರಲ್ಲಿ ಉಳಿಯುತ್ತದೆ. ಮೊದಲ ಪ್ರದರ್ಶನದ ಹಕ್ಕು ಕೇಳಿದರೆ ತೊಂದರೆ ಇಲ್ಲ, ಅದು ನ್ಯಾಯ. ಶಾಶ್ವತವಾಗಿ ಪೂರ್ತಿ ಹಕ್ಕು ಕೇಳಿದರೆ ಬಿಟ್ಟುಬಿಡಿ. ಇನ್ನೊಂದು, ಬಹುಮಾನ ತಡೆಹಿಡಿಯುವ ಅಧಿಕಾರ. ಅದನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ಆದರೆ ಶುಲ್ಕ ತಗೊಂಡು ಬಹುಮಾನ ತಡೆಹಿಡಿಯುವವರ ಹಳೆಯ ಫಲಿತಾಂಶಗಳನ್ನು ಒಮ್ಮೆ ನೋಡಿ.

ಬಾಸ್‌ಲೈನ್

ತೀರ್ಪುಗಾರರಿಗೆ ಸಂಬಳ ಎಲ್ಲಿಂದ ಬರಬೇಕು ಅಂತಲೂ ಯೋಚಿಸಬೇಕಲ್ವಾ? ಕೊಯರ್‌ಗಳ ಹತ್ತಿರ ದುಡ್ಡು ಇರುವುದಿಲ್ಲ. ಸ್ವಲ್ಪ ಶುಲ್ಕ ಇಟ್ಟರೆ ತಪ್ಪೇನು?

ಹೆಸರಿಲ್ಲದ ಶ್ರುತಿ

ಹಾಡುವವರ ಖರ್ಚನ್ನು ಬರೆಯುವವರ ಜೇಬಿನಿಂದ ತೆಗೆಯುವುದು ತಪ್ಪು. ಅದೂ 24 ವರ್ಷದವರ ಜೇಬಿನಿಂದ. 30 ಯೂರೋ ಅಲ್ಲಿಯವರಿಗೆ ಒಂದು ಊಟ, ಇಲ್ಲಿ ಪಿಜಿ ಬಾಡಿಗೆಯ ಅರ್ಧ. ಶುಲ್ಕ ಇಲ್ಲದ ಸ್ಪರ್ಧೆಗಳು ಬೇಕಾದಷ್ಟಿವೆ. ಆದಾಯ ಕಡಿಮೆ ಇರುವ ದೇಶದವರಿಗೆ ವಿನಾಯಿತಿ ಕೊಡುವವರೂ ಇದ್ದಾರೆ, ಬರೆದು ಕೇಳಿ.

ಟಾಲಿನ್ ವಿದ್ಯಾರ್ಥಿ

ನಾನು ಎಸ್ಟೋನಿಯಾದಲ್ಲಿ ಎಂಎಸ್ ಮಾಡುತ್ತಿದ್ದೇನೆ. ಓದುವುದು ಸಾಫ್ಟ್‌ವೇರ್, ಸಂಗೀತ ಅಲ್ಲ. ಆದರೆ ಇಲ್ಲಿ ಕೊಯರ್‌ನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ! 1869ರಲ್ಲಿ ಟಾರ್ಟು ಊರಿನಲ್ಲಿ ಇವರ ಮೊದಲ ಹಾಡುಹಬ್ಬ ಆಯಿತು. ಈಗ ಸುಮಾರು ಐದು ವರ್ಷಕ್ಕೊಮ್ಮೆ ಟಾಲಿನ್‌ನಲ್ಲಿ ನಡೆಯುತ್ತದೆ. ಒಂದೇ ವೇದಿಕೆಯಲ್ಲಿ ಸಾವಿರಾರು ಜನ ನಾಲ್ಕು ದನಿಯಲ್ಲಿ ಹಾಡುತ್ತಾರೆ. ನನ್ನ ಲ್ಯಾಬ್‌ನಲ್ಲಿ ಅರ್ಧ ಜನಕ್ಕೆ ತಮ್ಮ ದನಿ ಯಾವುದು ಅಂತ ಗೊತ್ತು. ಹೊಸ ಸಂಯೋಜಕರ ಹಾಡುಗಳೂ ಹಬ್ಬಕ್ಕೆ ಬರುತ್ತವೆ. ಹಾಡುವವರು ಇಷ್ಟು ಜನ ಇರುವುದರಿಂದಲೇ ಬರೆಯುವವರೂ ಹುಟ್ಟುತ್ತಾರೆ ಅನಿಸುತ್ತದೆ.

ಕುಡ್ಲ ಕೊಯರ್

ಸಾವಿರಾರು ಜನ ಒಟ್ಟಿಗೆ ಹಾಡುವುದು ಅವರಿಗೆ. ನಿಲ್ಲಿಸದೆ ಹಾಡುವುದು ನಮಗೆ. 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆಯವರು ಮಂಗಳೂರಿನಲ್ಲಿ 40 ಗಂಟೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಒಂದು ತಂಡ ಇಳಿಯುವುದು, ಇನ್ನೊಂದು ತಂಡ ಹತ್ತುವುದು.

ಬಾಸ್‌ಲೈನ್

ನಾಡಗೀತೆಗೆ ಯಾರಾದರೂ ನಾಲ್ಕು ದನಿ ಹಾಕಿದ್ದಾರಾ? ಮೈಸೂರು ಅನಂತಸ್ವಾಮಿ ಅವರ ಮಟ್ಟು, 2 ನಿಮಿಷ 30 ಸೆಕೆಂಡ್ ಅಂತ 2022ರಲ್ಲಿ ಸರ್ಕಾರ ನಿಗದಿ ಮಾಡಿದ್ದಲ್ಲ, ಅದಕ್ಕೆ.

ಹಳೇ ಮೈಸೂರು

ಅಶ್ವತ್ಥ್ ಅವರ ಮಟ್ಟೇ ಚೆನ್ನಾಗಿತ್ತು ಅನ್ನುವವರು ಈಗ ಬರುತ್ತಾರೆ ನೋಡಿ.

ಧಾರವಾಡ ಶ್ರೋತೃ

ಬಂದೆ. ಅಶ್ವತ್ಥ್ ಅವರ ಮಟ್ಟಿನಲ್ಲಿ ಗಂಡುಗತ್ತು ಇತ್ತು.

ನಿರ್ವಾಹಕ

ನಾಡಗೀತೆ ಮಟ್ಟಿನ ಚರ್ಚೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ.

ಕುಡ್ಲ ಕೊಯರ್

ತಂಗಿ, ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಮಂಗಳೂರಿನಲ್ಲಿ ಬಹಳ ವರ್ಷದಿಂದ ಒಂದು ಚರ್ಚ್ ಕೊಯರ್ ನಡೆಸುತ್ತಿದ್ದೇನೆ. ಕನ್ನಡ ನಾಲ್ಕು ದನಿಗೆ ಕೂರುತ್ತದಾ ಅನ್ನುವ ಪ್ರಶ್ನೆ ನಮ್ಮೂರಿನಲ್ಲಿ ತುಂಬ ಹಳೆಯದು. ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದರು. ಜರ್ಮನ್ ಕೋರಾಲ್‌ಗಳ (ಚರ್ಚಿನ ಸಮೂಹಗೀತೆ) ಮಟ್ಟಿಗೆ ಕನ್ನಡ ಮಾತು ಕೂರಿಸಿದರು. ಕೆಲವು ಚೆನ್ನಾಗಿ ಕೂತಿವೆ, ಕೆಲವು ಇವತ್ತಿಗೂ ಕೂತಿಲ್ಲ. ಹ್ರಸ್ವ ಅಕ್ಷರದ ಮೇಲೆ ನಾಲ್ಕು ಮಾತ್ರೆ ಎಳೆದು ನಿಲ್ಲುವ ಸಾಲುಗಳಿವೆ. ಹಾಡುವಾಗ ನಾಲಿಗೆಗೆ ಕಿರಿಕಿರಿ. ಕಿಟೆಲ್ ಇದನ್ನು ಬೇಗ ಕಂಡುಕೊಂಡರು. ನಿಘಂಟಿನ ಕಿಟೆಲ್ಲೇ. ಅವರು 1862ರಲ್ಲಿ ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದರು.

ಹಾಗಾಗಿ ನೀನು ಮೊದಲು ಕವನವನ್ನು ಗಟ್ಟಿಯಾಗಿ ಓದು. ಗುರು ಲಘು ಎಲ್ಲಿ ಬೀಳುತ್ತದೆ ನೋಡು. ಆಮೇಲೆ ಪೆನ್ಸಿಲ್ ಹಿಡಿ.

ಮಂದಾರ

ಹ್ರಸ್ವವನ್ನು ಎಳೆಯುವುದು ತಪ್ಪು ಅಂತ ಅಷ್ಟು ಗಟ್ಟಿಯಾಗಿ ಹೇಳಲಾಗದು ಸಾರ್. ದೇವರನಾಮದಲ್ಲಿ ಎಷ್ಟು ಕಡೆ ಎಳೆಯುತ್ತೇವೆ.

ಕುಡ್ಲ ಕೊಯರ್

ಒಬ್ಬರೇ ಹಾಡುವಾಗ ಎಳೆಯುತ್ತಾ ಸಂಗತಿ ಹಾಕುತ್ತೀರಿ ಮೇಡಂ, ಅಕ್ಷರ ಆಡುತ್ತಿರುತ್ತದೆ. ಮೂವತ್ತು ಜನ ಅಲ್ಲಾಡದೆ ಅದೇ ಹ್ರಸ್ವದ ಮೇಲೆ ನಿಂತರೆ ಮಾತು ಬೇರೆಯದೇ ಕೇಳಿಸುತ್ತದೆ.

ಇನ್ನು ಕವನ. ಪಂಜೆಯವರ 'ತೆಂಕಣ ಗಾಳಿಯಾಟ' ನೋಡು. ಅವರು ಬಂಟ್ವಾಳದವರು, ಕರಾವಳಿಯ ಗಾಳಿ ಗೊತ್ತಿದ್ದವರು. ಬುಸುಗುಡುವ, ಬೀಸುವ ಸದ್ದೆಲ್ಲ ಮಾತಿನಲ್ಲೇ ಇದೆ. ಹಾಡುವವರ ಉಸಿರನ್ನೇ ಬಳಸಿಕೊಳ್ಳಬಹುದು. ಬಾಸ್‌ನವರಿಗೂ ಕೆಲಸ ಸಿಗುತ್ತದೆ.

ಎಲ್‌ಎ ಸಂಜೆ

ನಾನು ಬಿ.ಎಂ.ಶ್ರೀ ಅವರ 'ಕರುಣಾಳು ಬಾ ಬೆಳಕೆ' ಹೇಳೋಣ ಅಂತಿದ್ದೆ. ನ್ಯೂಮನ್ ಅವರ 1833ರ ಪ್ರಾರ್ಥನೆಯ ಅನುವಾದ, ಎರಡೂ ಮುಕ್ತ. ಮೂಲ ಗೊತ್ತಿರುವ ತೀರ್ಪುಗಾರರಿಗೆ ಅರ್ಥವೂ ಕೂಡಲೇ ಆಗುತ್ತದೆ.

ಕಡಲತಡಿ

ಅದು ನನ್ನ ಅಮ್ಮ ಹಾಡುವ ಮಟ್ಟಿನಲ್ಲೇ ಕಿವಿಯಲ್ಲಿ ಕೂತಿದೆ ಅಕ್ಕ, ಹೊಸ ಮಟ್ಟು ಬರುವುದೇ ಇಲ್ಲ. ಪಂಜೆ ಕವನ ಓದಿದೆ. ಗಾಳಿ ದೂರದಿಂದ ಬಂದು ಮೈಮೇಲೆ ಬೀಳುವ ಓಟ ಇದೆ ಅದರಲ್ಲಿ. ಬಾಸ್‌ನಿಂದ ಶುರು ಮಾಡಿ ಮೇಲಕ್ಕೆ ಏರಿಸಬಹುದು. ಮಧ್ಯಮಾವತಿಯಲ್ಲೇ ಬರೆಯುತ್ತಿದ್ದೇನೆ. ಶುಲ್ಕದ ವಿನಾಯಿತಿ ಕೇಳಿ ಮೇಲ್ ಹಾಕಿದ್ದೇನೆ. ಬೇಂದ್ರೆಯವರ ಎರಡು ಪುಟ ಪಕ್ಕಕ್ಕಿಟ್ಟೆ.

ಈಗ ದೊಡ್ಡ ಸಮಸ್ಯೆ ಬೇರೆ. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಪ್ಲೇ ಒತ್ತಿದರೆ ಎಲ್ಲ ಚೆನ್ನಾಗಿ ಕೇಳುತ್ತದೆ. ಕಂಪ್ಯೂಟರ್‌ಗೆ ಉಸಿರು ಬೇಡ, ಅದಕ್ಕೆ ಎಲ್ಲವೂ ಸುಲಭ. ಮನುಷ್ಯರು ಹಾಡಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತೇ ಆಗುತ್ತಿಲ್ಲ.

ಬಾಸ್‌ಲೈನ್

ಇದೇ ನೋಡಿ ನಮ್ಮ ನಿಜವಾದ ತೊಂದರೆ. ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಲ್ಲಿ ಗ್ರೂಪ್ ಸಾಂಗ್ ಇಂಡಿಯನ್, ಗ್ರೂಪ್ ಸಾಂಗ್ ವೆಸ್ಟರ್ನ್ ಅಂತ ಎರಡು ವಿಭಾಗ ಇವೆ. ಪ್ರತಿ ಕಾಲೇಜೂ ತಂಡ ಕಟ್ಟುತ್ತದೆ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತದೆ. ಆದರೆ ಅಂಕ ಎಲ್ಲ ಹಾಡಿದ್ದಕ್ಕೆ, ಹೊಸದಾಗಿ ಬರೆದದ್ದಕ್ಕೆ ಬಹುಮಾನ ಇಲ್ಲ. ಹಾಗಾಗಿ ಅದೇ ನಾಲ್ಕು ಹಾಡು ಸುತ್ತುತ್ತಿರುತ್ತವೆ. ಜಪಾನಿನಲ್ಲಿ ಎನ್‌ಎಚ್‌ಕೆಯವರು 1932ರಿಂದ ಶಾಲೆಗಳ ಹಾಡಿನ ಸ್ಪರ್ಧೆ ನಡೆಸುತ್ತಿದ್ದಾರೆ, ಈಗ ಅದಕ್ಕೆ ವರ್ಷ ವರ್ಷ ಹೊಸ ಹಾಡು ಬರೆಸುತ್ತಾರೆ. ಇಡೀ ದೇಶದ ಮಕ್ಕಳು ಅದನ್ನೇ ಕಲಿಯುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳು 'ಈ ವರ್ಷ ಒಂದು ಹೊಸ ಕನ್ನಡ ಸಮೂಹಗಾನ ಕಡ್ಡಾಯ' ಅಂತ ಒಂದು ಸಾಲು ಸೇರಿಸಿದರೆ ಎಷ್ಟು ಜನ ಬರೆಯುತ್ತಾರೆ!

ತಡವಾಗಿ ಬಂದವ

ಬರೆಯುವವರಿಗೆ ವಯಸ್ಸಿನ ಗಡಿ ಇಡದಿದ್ದರೆ ನಾನೂ ಬರೆಯುತ್ತೇನೆ.

ಕುಡ್ಲ ಕೊಯರ್

ತಂಗಿ, ರಜೆಗೆ ಊರಿಗೆ ಬಂದಾಗ ಪ್ರತಿ ತಗೊಂಡು ಬಾ. ಬುಧವಾರ ಸಂಜೆ ನಮ್ಮ ಪ್ರಾಕ್ಟೀಸ್. ಕೊನೆಯ ಅರ್ಧ ಗಂಟೆ ನಿನ್ನದು ಓದುತ್ತೇವೆ. ನಮ್ಮವರು ಸ್ವರ ನೋಡಿ ಹಾಡುತ್ತಾರೆ, ನಿಧಾನ ಆಗಬಹುದು ಅಷ್ಟೇ.

ಕಡಲತಡಿ

ತುಂಬಾ ಉಪಕಾರ ಸಾರ್. ಆದರೆ 'ಮೊದಲೇ ಪ್ರದರ್ಶನ ಆಗಿರಬಾರದು' ಅಂತ ನಿಯಮ ಇದೆಯಲ್ಲ?

ಕಾಯ್ದೆ ಪುಸ್ತಕ

ಮುಚ್ಚಿದ ಕೋಣೆಯಲ್ಲಿ ಪ್ರಾಕ್ಟೀಸ್‌ನಲ್ಲಿ ಓದಿ ನೋಡುವುದು ಸಾಮಾನ್ಯವಾಗಿ ಸಾರ್ವಜನಿಕ ಪ್ರದರ್ಶನ ಅಲ್ಲ. ಆದರೂ ಸಂಘಟಕರಿಗೆ ಒಂದು ಸಾಲು ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ. ಯಾರೂ ಸ್ಟೇಟಸ್‌ಗೆ ಹಾಕಬಾರದು, ಯೂಟ್ಯೂಬ್‌ಗೆ ಹಾಕಬಾರದು. ಇನ್ನೊಂದು, ಪಿಡಿಎಫ್ ಫೈಲ್‌ನ ಒಳಗಿನ ವಿವರದಲ್ಲೂ ನಿಮ್ಮ ಹೆಸರು ಕೂತಿರುತ್ತದೆ, ತೆಗೆದು ಕಳಿಸಿ. ಪುಟದ ಮೇಲೆ ಅಳಿಸಿದರೆ ಸಾಲದು.

ಕಡಲತಡಿ

ಓದಿಸಿ ಬಂದೆ! ಬರೆಯದೆ ಇರಲು ಆಗುತ್ತಿಲ್ಲ. ಸಂಘಟಕರು ಪ್ರಾಕ್ಟೀಸ್ ಓದಿಗೆ ಅಡ್ಡಿ ಇಲ್ಲ ಅಂದರು. ಶುಲ್ಕವನ್ನೂ ಅರ್ಧ ಮಾಡಿದರು.

ಮೊದಲ ಪುಟ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಬಾಸ್‌ನವರು ಕೆಳಗಿನ ಸ-ಪ ಹಿಡಿದಾಗ ಬೆಂಚು ನಡುಗಿತು. ಎರಡನೇ ಪುಟದಲ್ಲಿ ಎಲ್ಲ ನಿಂತುಹೋಯಿತು. ಬಾರ್ (ಸ್ವರಲಿಪಿಯ ಅಡ್ಡಗೆರೆಗಳ ನಡುವಿನ ಒಂದು ಭಾಗ) 31ರಲ್ಲಿ ಟೆನರ್‌ಗಳಿಗೆ ಮೇಲಿನ ಜಿ ಸ್ವರ ಕೊಟ್ಟಿದ್ದೆ, ಅಕ್ಷರ 'ಇ'. ಅಷ್ಟು ಮೇಲೆ 'ಇ' ಹಿಡಿದರೆ ಗಂಟಲು ಬಿಗಿಯುತ್ತದಂತೆ. ಅಲ್ಲಿ ಮಾತನ್ನು ಅರ್ಧ ಬಾರ್ ಹಿಂದಕ್ಕೆ ತಂದು, 'ಆ' ಬರುವ ಅಕ್ಷರ ಮೇಲಿನ ಸ್ವರಕ್ಕೆ ಕೂರಿಸಿದೆವು. ಮುಂದಿನ ಸಲ ಸಲೀಸಾಗಿ ಬಂತು. ಆಲ್ಟೋದಲ್ಲಿ ಒಂಬತ್ತು ಬಾರ್ ಉಸಿರಿಗೆ ಜಾಗವೇ ಇರಲಿಲ್ಲ. ಸದ್ಯ ಸರದಿ ಮೇಲೆ ಉಸಿರು ತಗೊಳ್ಳುವ ಹಾಗೆ ಗುರುತು ಹಾಕಿದ್ದೇನೆ. ಕೊನೆಯಲ್ಲಿ ಗಾಳಿಯ ಸದ್ದಿಗೆ ಎಲ್ಲರೂ 'ಸ್' ಎನ್ನಬೇಕು ಎಂದು ಬರೆದಿದ್ದೆ, ಅದು ಚದುರಿಹೋಯಿತು. ಯಾರು ಯಾವ ಮಾತ್ರೆಗೆ ಶುರು ಮಾಡಬೇಕು ಅಂತ ಬರೆಯಲೇಬೇಕು.

ಮಂದಾರ

ಆ ಆಲ್ಟೋ ಸಾಲನ್ನು ಎರಡು ಗುಂಪಿಗೆ ಹಂಚಿ, ಗುರುತಿಗಿಂತ ಅದು ಗಟ್ಟಿ. ನಿಷಾದದ ಮೇಲೆ ನಿಂತು ಷಡ್ಜಕ್ಕೆ ಬರುವಾಗ ಗಮಕ ಬರೆದಿದ್ದೀರಾ? ಬರೆಯದಿದ್ದರೆ ಅಲ್ಲಿನವರು ನೇರವಾಗಿ ಹಾಡುತ್ತಾರೆ.

ಕಡಲತಡಿ

ಸಣ್ಣ ಸ್ವರಗಳಾಗಿ ಬಿಡಿಸಿ ಬರೆದಿದ್ದೇನೆ ಮೇಡಂ, ಸೊಪ್ರಾನೊಗೆ ಮಾತ್ರ. ನಿಮಗೆ ಪ್ರತಿ ಕಳಿಸುತ್ತೇನೆ, ನೋಡಿ ಹೇಳಿ.

ಧಾರವಾಡ ಶ್ರೋತೃ

ನನಗೂ ಕಳಿಸು ತಂಗಿ. ಸ್ವರಲಿಪಿ ಓದಲು ಬರುವುದಿಲ್ಲ, ಸರಿಗಮದಲ್ಲಿ ಸೊಪ್ರಾನೊ ಸಾಲು ಬರೆದು ಕಳಿಸಿದರೆ ಹಾಡಿ ನೋಡುತ್ತೇನೆ.

ತಡವಾಗಿ ಬಂದವ

ಕುಡ್ಲ ಕೊಯರ್ ಸಾರ್, ನನ್ನ ಹತ್ತಿರವೂ ಒಂದಿದೆ. ಶರೀಫರ ಪದ, ಮೂರು ದನಿ, ಸ್ಪರ್ಧೆಗೆ ಅಲ್ಲ. ಓದುತ್ತೀರಾ?

ಕುಡ್ಲ ಕೊಯರ್

ಕಳಿಸಿ. ಟೆನರ್ ಸಾಲು ತುಂಬ ಮೇಲೆ ಇಟ್ಟಿದ್ದರೆ ಮೊದಲೇ ಇಳಿಸಿ ಕಳಿಸಿ, ನಮ್ಮಲ್ಲಿ ಸದ್ಯಕ್ಕೆ ಇಬ್ಬರೇ ಟೆನರ್ ಇದ್ದಾರೆ.